ಕಂಡುದನ್ನು ಕಂಡಂತೆ ಹೇಳುವವರು



ಮಳೆಗಾಲ ಬರುವುದಕ್ಕೆ ಮೊದಲು ಅಟ್ಟವನ್ನು ಚೊಕ್ಕಟಮಾಡಿಸುವುದು ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಈ ಸಲ ಆ ಕೆಲಸ ನಡೆಯುತ್ತಿದ್ದಾಗ ಹಳೆಯ ಪಂಚಾಂಗಗಳ ಕಟ್ಟಿನೊಳಗಿಂದ ಮಡಿಸಿದ ಒಂದು ಹಾಳೆ ಕೆಳಗೆ ಬಿದ್ದಿತು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ಎತ್ತಿಕೊಂಡು, ಬಿಡಿಸಿ, ಗಟ್ಟಿಯಾಗಿ ಓದತೊಡಗಿದಳು. ಅಕ್ಷರಗಳು ನನ್ನವೇ. 2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಕೊರೋನಾ ಎಂಬ ಮಹಾಮಾರಿ ನಮ್ಮ ನಾಡಿಗೆ ಕಾಲಿಟ್ಟಾಗ, ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಬಂದ ಸೂಚನೆಗಳನ್ನೆಲ್ಲ ಒಟ್ಟುಗೂಡಿಸಿ ನಾನು ಬರೆದು, ನಡುಮನೆಯ ಗೋಡೆಗೆ ಅಂಟಿಸಿದ್ದ ಪಟ್ಟಿ ಅದು.

ಅದರಲ್ಲಿ ಎಂಟು ವಿಧಿಗಳಿದ್ದುವು. ಹಾಲಿನ ಪೊಟ್ಟಣವನ್ನು ಸೋಪಿನ ನೀರಿನಲ್ಲಿ ತೊಳೆಯತಕ್ಕದ್ದು. ತರಕಾರಿಯನ್ನು ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಯಿಡತಕ್ಕದ್ದು. ವರ್ತಮಾನಪತ್ರಿಕೆಯನ್ನು ಬಿಸಿಲಿಗೆ ಹಾಕಿದ ಮೇಲೆಯೇ ಓದತಕ್ಕದ್ದು. ಬಾಗಿಲ ಚಿಲಕವನ್ನು ದಿನಕ್ಕೆರಡಾವರ್ತಿ ಒರಸತಕ್ಕದ್ದು. ಹೀಗೆ ಸಾಗಿ, ಆರನೆಯ ವಿಧಿ ಇಂತಿದ್ದಿತು: ರೋಗವಿಲ್ಲದವರು ಮುಖಗವಸು ಧರಿಸಬೇಕಾದ ಅಗತ್ಯವಿಲ್ಲ.

ಹುಡುಗಿ ಓದುವುದನ್ನು ನಿಲ್ಲಿಸಿ ಕೇಳಿದಳು: "ತಾತ, ಆಗಿನ ಫೋಟೋಗಳಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡೇ ಇದ್ದಾರಲ್ಲ. ನೀವು ಬೇಡ ಅಂತ ಬರೆದಿದ್ದೀರಿ. ನಿಮಗೆ ಯಾರು ಹೇಳಿದ್ದು?"

"ತಿಳಿದವರು ಹೇಳಿದ್ದರಮ್ಮ" ಎಂದೆ.

"ಅವರಿಗೆ ಗೊತ್ತಿತ್ತಾ?"

ಮಕ್ಕಳ ಪ್ರಶ್ನೆಗಳಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರ ಹೇಳಿ ಸಂಬಳ ತೆಗೆದುಕೊಂಡವನು ನಾನು. ಆದರೂ ಈ ಪ್ರಶ್ನೆಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಈ ತಿಂಗಳ ಜಗುಲಿಯ ಮಾತು ಅದನ್ನು ಕುರಿತೇ ಆಗಲಿ.

ಮೊದಲು ನನ್ನ ತಪ್ಪನ್ನು ಹೇಳಿಕೊಂಡುಬಿಡುತ್ತೇನೆ. ಆ ಪಟ್ಟಿ ನಮ್ಮ ಗೋಡೆಯಲ್ಲಿ ಮಾತ್ರ ಉಳಿಯಲಿಲ್ಲ. ಮೇಷ್ಟರು ಬರೆದದ್ದೆಂದು ನಮ್ಮ ಬೀದಿಯ ನಾಲ್ಕಾರು ಮನೆಯವರು ಅದನ್ನು ನಕಲು ಮಾಡಿಕೊಂಡು ಹೋದರು. ಯಾವ ಮಾತಿಗೆ ಏನು ಆಧಾರವೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕೆಂಬ ಯೋಚನೆಯೂ ಬರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ, ಮನೆಯಲ್ಲಿಯೇ ಹೊಲಿದ ಬಟ್ಟೆಯ ಗವಸನ್ನು ಧರಿಸಿರೆಂದು ಕೇಂದ್ರ ಸರ್ಕಾರವೇ ಸಲಹೆ ಕೊಟ್ಟಾಗ, ಆರನೆಯ ವಿಧಿಯ ಮೇಲೆ ಸದ್ದಿಲ್ಲದೆ ಒಂದು ಗೀಟು ಎಳೆದೆ. ಏಕೆ ಎಳೆದೆನೆಂದು ಯಾರಿಗೂ ಹೇಳಲಿಲ್ಲ. ನಕಲು ತೆಗೆದುಕೊಂಡು ಹೋದವರ ಮನೆಗೆ ಹೋಗಿ ತಿದ್ದಿ ಬರಲೂ ಇಲ್ಲ.

ಇನ್ನೊಂದು ವಿಷಯವನ್ನು ಹೇಳುವುದು ಕಷ್ಟ. 2021ರ ಏಪ್ರಿಲ್ ತಿಂಗಳಲ್ಲಿ, ಯುಗಾದಿ ಕಳೆದ ಕೆಲವು ದಿನಗಳಿಗೆ, ನಮ್ಮ ತಂದೆಯವರ ಶ್ರಾದ್ಧ ಬಂದಿತು. ಹನ್ನೊಂದು ಜನ ಮಾತ್ರ ಸೇರಿದೆವು. ಬಂದವರೆಲ್ಲ ಬಾಗಿಲಲ್ಲಿಯೇ ಕೈಕಾಲು ತೊಳೆದರು. ನೆಲವನ್ನು ಎರಡಾವರ್ತಿ ಫಿನಾಯಿಲಿನಿಂದ ಒರಸಿಯಾಗಿತ್ತು. ಪಾತ್ರೆಗಳನ್ನು ಕುದಿನೀರಿನಲ್ಲಿ ಅದ್ದಿಯಾಗಿತ್ತು. ಎದುರು ಮನೆಯಲ್ಲಿ ರೋಗ ಬಂದಿದ್ದುದರಿಂದ, ಆ ಕಡೆಯ ಗಾಳಿ ಸುಳಿಯಬಾರದೆಂದು ಕಿಟಕಿಗಳನ್ನೆಲ್ಲ ನಾನೇ ಮುಚ್ಚಿದೆ. ಹೋಮದ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ನಡುಮನೆಯಲ್ಲಿಯೇ ತುಂಬಿಕೊಂಡು, ಎಲ್ಲರ ಕಣ್ಣೂ ಉರಿದುವು. ಒಬ್ಬರ ಉಸಿರು ಇನ್ನೊಬ್ಬರ ಹತ್ತಿರ ಎಷ್ಟು ಹೊತ್ತು ನಿಂತಿರುತ್ತದೆಂಬ ಪಾಠವನ್ನು ಆ ಹೊಗೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಿತು. ನಾವು ಕಣ್ಣೊರಸಿಕೊಂಡು ಸುಮ್ಮನಾದೆವು.

ವಾರದೊಳಗೆ ಏಳು ಜನ ಹಾಸಿಗೆ ಹಿಡಿದರು. ಆರು ಜನ ಎದ್ದರು. ನನ್ನ ಅಕ್ಕ ಏಳಲಿಲ್ಲ. ಆಕೆಗೆ ಅರುವತ್ತಾರು ವರ್ಷ. ಆ ವಯಸ್ಸಿನವರಿಗೆ ಮಾರ್ಚಿ ಒಂದನೆಯ ತಾರೀಖಿನಿಂದಲೇ ಲಸಿಕೆ ಹಾಕುತ್ತಿದ್ದರು. ಹಾಕಿಸಿಕೊಳ್ಳೆಂದು ನಾನು ಹೇಳಿದ್ದಾಗ, ದಿನವೂ ಪತ್ರಿಕೆ ಓದುತ್ತಿದ್ದ ಆಕೆ, "ರೋಗ ಮುಗೀತಾ ಬಂತು ಅಂತ ದೊಡ್ಡವರೇ ಹೇಳ್ತಿದಾರಲ್ಲೋ. ಇನ್ನು ಈ ಸೂಜಿ ಯಾಕೆ? ಯುಗಾದಿ ಕಳೀಲಿ, ನೋಡೋಣ" ಎಂದಿದ್ದಳು. ಕಿಟಕಿ ತೆರೆದಿದ್ದರೆ ಆಕೆ ಉಳಿಯುತ್ತಿದ್ದಳೆಂದು ನಾನು ಹೇಳಲಾರೆ. ಹಾಗೆ ಹೇಳುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಆದರೆ ನನ್ನ ಪಟ್ಟಿಯ ಎಂಟು ವಿಧಿಗಳಲ್ಲಿ ಕಿಟಕಿ ಎಂಬ ಶಬ್ದವೇ ಇರಲಿಲ್ಲ. ಏಕಿರಲಿಲ್ಲ ಎಂಬುದನ್ನು ವಿಚಾರಮಾಡುವ ಅಧಿಕಾರ ನನಗುಂಟು.

ಪ್ರಕೃತಕ್ಕೆ ಬರೋಣ. ನಮ್ಮ ನ್ಯಾಯಶಾಸ್ತ್ರಕಾರರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ವೈದ್ಯಗ್ರಂಥವಾದ ಚರಕಸಂಹಿತೆಯೂ ರೋಗವನ್ನು ತಿಳಿಯುವ ಸಾಧನಗಳನ್ನು ಎಣಿಸುವಾಗ ಆಪ್ತರ ಉಪದೇಶವನ್ನೇ ಮೊದಲಲ್ಲಿ ಇಟ್ಟಿದೆ. ಇಲ್ಲಿ ಆಪ್ತನೆಂದರೆ ಈಗಿನ ಬಳಕೆಯಂತೆ ಹತ್ತಿರದ ಸ್ನೇಹಿತನಲ್ಲ. ವಿಷಯವನ್ನು ತಾನೇ ನೇರವಾಗಿ ಅರಿತಿರಬೇಕು; ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿರಬೇಕು. ಈ ಎರಡು ಲಕ್ಷಣಗಳಿದ್ದವನು ಆಪ್ತ. ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳುತ್ತಾನೆ. ಎಂದರೆ ಕುಲವಾಗಲಿ ಪದವಿಯಾಗಲಿ ಯಾರನ್ನೂ ಆಪ್ತನನ್ನಾಗಿ ಮಾಡಲಾರದು.

ಗೃಹಸ್ಥರಾದ ನಮಗೆ ವೈರಾಣು ಪ್ರತ್ಯಕ್ಷವಲ್ಲ. ಅನುಮಾನ ಮಾಡುವಷ್ಟು ವಿದ್ಯೆಯೂ ಇಲ್ಲ. ನಮಗೆ ಉಳಿದಿರುವುದು ಆಪ್ತವಾಕ್ಯವೊಂದೇ. ಆದುದರಿಂದ ಆ ಕಾಲದಲ್ಲಿ ಲೋಕಕ್ಕೆ ಉಪದೇಶ ಮಾಡಿದವರಲ್ಲಿ ಈ ಎರಡು ಲಕ್ಷಣಗಳಿದ್ದುವೆ ಎಂದು ಕೇಳುವುದು ಉದ್ಧಟತನವಾಗಲಾರದು.

ಮೊದಲು ಮುಖಗವಸಿನ ಸಂಗತಿ. 2020ರ ಫೆಬ್ರವರಿ 29ರಂದು ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಜೆರೋಮ್ ಆಡಮ್ಸ್ ಅವರು ಜನರನ್ನು ಉದ್ದೇಶಿಸಿ, ಮುಖಗವಸುಗಳನ್ನು ಕೊಳ್ಳುವುದನ್ನು ನಿಲ್ಲಿಸಿರಿ, ಅವು ಸಾಮಾನ್ಯ ಜನರಿಗೆ ರೋಗ ತಗುಲುವುದನ್ನು ತಡೆಯಲಾರವು ಎಂದರು. ಅದೇ ಉಸಿರಿನಲ್ಲಿ, ಅವು ವೈದ್ಯರಿಗೂ ದಾದಿಯರಿಗೂ ಸಿಕ್ಕದೆ ಹೋದರೆ ಅಪಾಯವೆಂದರು. ಐದನೆಯ ತರಗತಿಯ ಹುಡುಗನೂ ಇಲ್ಲಿ ಕೈಯೆತ್ತಿ ಕೇಳುತ್ತಾನೆ: ವೈದ್ಯನ ಮೂಗನ್ನು ಕಾಯುವ ಗವಸು ನನ್ನ ಮೂಗನ್ನು ಏಕೆ ಕಾಯದು? ಐದೇ ವಾರ ಕಳೆದು, ಏಪ್ರಿಲ್ 3ರಂದು, ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಎಲ್ಲರೂ ಬಟ್ಟೆಯ ಗವಸು ಧರಿಸಲೆಂದು ಸಲಹೆಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾತನ್ನು ಬದಲಾಯಿಸಿದ್ದು ಜೂನ್ 5ರಂದು. ಮೊದಲು ಬೇಡವೆಂದುದಕ್ಕೆ ಗವಸುಗಳ ಅಭಾವದ ಭಯವೂ ಒಂದು ಕಾರಣವೆಂದು ಅಮೆರಿಕದ ಪ್ರಮುಖ ವೈದ್ಯರಾದ ಆಂಥನಿ ಫೌಚಿ ಅವರು ಅದೇ ಜೂನ್ ತಿಂಗಳಲ್ಲಿ ಒಪ್ಪಿಕೊಂಡರು. ಲಕ್ಷಣವಿಲ್ಲದವರಿಂದಲೂ ರೋಗ ಹರಡುವುದೆಂದು ಆ ನಡುವೆ ತಿಳಿದುಬಂದದ್ದು ಇನ್ನೊಂದು ಕಾರಣ.

ಅಭಾವವಿದ್ದುದು ನಿಜ. ಹಾಗಾದರೆ ಅದನ್ನೇ ಹೇಳಬಹುದಾಗಿತ್ತಲ್ಲ! "ಗವಸು ಕೊಂಚ ರಕ್ಷಣೆ ಕೊಡಬಹುದು. ಆದರೆ ಈಗಿರುವುದು ಸಾಲದು. ರೋಗಿಗಳ ಮಗ್ಗುಲಲ್ಲಿ ಹಗಲಿರುಳು ನಿಂತಿರುವವರಿಗೆ ಬಿಟ್ಟುಕೊಡಿರಿ, ನೀವು ಹಳೆಯ ಪಂಚೆಯನ್ನು ಹರಿದು ಹೊಲಿದುಕೊಳ್ಳಿರಿ" ಎಂದಿದ್ದರೆ ಬಿಟ್ಟುಕೊಡದಷ್ಟು ಕೆಟ್ಟವರೇ ಜನರು? ಮನೆಯಲ್ಲಿ ಹಾಲು ಕಡಿಮೆಯಿದ್ದಾಗ ತಾಯಿ ದೊಡ್ಡ ಮಗನಿಗೆ, "ತಮ್ಮನಿಗೆ ಬೇಕಪ್ಪ, ಇವತ್ತು ನಿನಗಿಲ್ಲ" ಎನ್ನುತ್ತಾಳೆ. "ಹಾಲಿನಿಂದ ನಿನಗೆ ಪ್ರಯೋಜನವಿಲ್ಲ" ಎನ್ನುವುದಿಲ್ಲ. ಹಾಗೆಂದರೆ ನಾಳೆ ಹಾಲು ಕುಡಿಯೆಂದಾಗ ಅವನು ನಂಬುವುದಿಲ್ಲ. ಆಗಿದ್ದೂ ಅದೇ. ಮೊದಲು ಬೇಡವೆಂದು ಕೇಳಿದ ಜನರಲ್ಲಿ ಎಷ್ಟೋ ಮಂದಿ ಬೇಕೆಂದಾಗ ಕಿವಿಗೊಡಲಿಲ್ಲ. ಇಲ್ಲಿ ಕೊರತೆಯಾದುದು ಆಪ್ತನ ಎರಡನೆಯ ಲಕ್ಷಣ: ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ.

ಎರಡನೆಯದು ಗಾಳಿಯ ಸಂಗತಿ. ಇಲ್ಲಿ ಕೊರತೆಯಾದುದು ಮೊದಲನೆಯ ಲಕ್ಷಣ. 2020ರ ಮಾರ್ಚಿ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗ ಗಾಳಿಯಲ್ಲಿ ತೇಲಿ ಹರಡುವುದಲ್ಲವೆಂದು, ಅದನ್ನು ಸಿದ್ಧವಾದ ಸತ್ಯವೆಂದು ಹೆಸರಿಟ್ಟು, ಲೋಕಕ್ಕೆಲ್ಲ ಸಾರಿತು. ಕೆಮ್ಮಿದಾಗ ಸಿಡಿಯುವ ಹನಿಗಳು ಮೂರು ನಾಲ್ಕು ಅಡಿಯೊಳಗೆ ನೆಲಕ್ಕೆ ಬಿದ್ದುಹೋಗುವುವು. ಆ ನೆಲವನ್ನೂ ಮೇಜನ್ನೂ ಮುಟ್ಟಿದ ಕೈ ಮುಖಕ್ಕೆ ಹೋಗದಿದ್ದರೆ ಸಾಕು ಎಂಬುದು ಅವರ ಅಭಿಪ್ರಾಯ. ನಮ್ಮ ಹಾಲಿನ ಪೊಟ್ಟಣದ ಸ್ನಾನ ಹುಟ್ಟಿದ್ದು ಅಲ್ಲಿಂದ.

ಆದರೆ ಅದಕ್ಕೆ ಹದಿನೆಂಟು ದಿನ ಮೊದಲೇ, ಮಾರ್ಚಿ 10ರಂದು, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಗಿಟ್ ಕಣಿವೆಯಲ್ಲಿ ಒಂದು ಗಾಯನವೃಂದದವರು ಅಭ್ಯಾಸಕ್ಕೆ ಸೇರಿದ್ದರು. ನಮ್ಮ ಭಜನಾಮಂಡಳಿಯಂಥದೇ ಒಂದು ಕೂಟ. ಬಂದವರು 61 ಜನ. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿಕೊಂಡರು, ಕೈಕುಲುಕಲಿಲ್ಲ, ಅಪ್ಪಿಕೊಳ್ಳಲಿಲ್ಲ. ಎರಡೂವರೆ ಗಂಟೆ ಹಾಡಿ ಮನೆಗೆ ಹೋದರು. ಅವರಲ್ಲಿ 53 ಜನ ರೋಗಕ್ಕೆ ತುತ್ತಾದರು, ಇಬ್ಬರು ತೀರಿಕೊಂಡರು. ಮುಟ್ಟದೆ ಇದ್ದವರಿಗೆ ರೋಗ ಬಂದದ್ದು ಹೇಗೆ? ಅಕ್ಕಿಯ ಕಾಳನ್ನು ಎಸೆದರೆ ಅದು ಕೆಳಗೆ ಬೀಳುತ್ತದೆ. ಧೂಪದ ಹೊಗೆ ಬೀಳುವುದಿಲ್ಲ, ಕೋಣೆಯೆಲ್ಲ ತುಂಬಿಕೊಳ್ಳುತ್ತದೆ. ಹಾಡುವವರ, ಮಾತನಾಡುವವರ ಬಾಯಿಂದ ಕಾಳಿನಂಥ ಹನಿಗಳು ಮಾತ್ರವಲ್ಲ, ಧೂಪದಂಥ ಕಣಗಳೂ ಹೊರಡುತ್ತವೆ.

2020ರ ಜುಲೈ ತಿಂಗಳಲ್ಲಿ 239 ವಿಜ್ಞಾನಿಗಳು ಒಟ್ಟಾಗಿ, ಗಾಳಿಯ ಮೂಲಕ ಹರಡುವುದನ್ನು ಗಮನಕ್ಕೆ ತೆಗೆದುಕೊಳ್ಳಿರೆಂದು ಬಹಿರಂಗ ಪತ್ರ ಬರೆದರು. ಅದರ ಮುಂದಾಳುಗಳು ಆಸ್ಟ್ರೇಲಿಯದ ಲಿಡಿಯಾ ಮೊರಾವ್ಸ್ಕಾ ಮತ್ತು ಅಮೆರಿಕದ ಡೊನಾಲ್ಡ್ ಮಿಲ್ಟನ್. ವಿಶ್ವ ಆರೋಗ್ಯ ಸಂಸ್ಥೆ ಕೊಂಚಕೊಂಚವಾಗಿ ಮಣಿಯಿತು. ಗಾಳಿಯಲ್ಲಿ ತೇಲುವ ಕಣಗಳೂ ಕಾರಣವೆಂದು ಅದು ಜನಸಾಮಾನ್ಯರಿಗಾಗಿ ಬರೆದ ಉತ್ತರದಲ್ಲಿ ಸ್ಪಷ್ಟವಾಗಿ ಸೇರಿಸಿದ್ದು 2021ರ ಏಪ್ರಿಲ್ 30ರಂದು. ಆ ಹೊತ್ತಿಗೆ ನಮ್ಮ ಮನೆಯ ಶ್ರಾದ್ಧ ಕಳೆದಿದ್ದಿತು. ಮೇಜು, ಚಿಲಕ ಮೊದಲಾದುವನ್ನು ಮುಟ್ಟಿದರೆ ರೋಗ ತಗುಲುವ ಸಂಭವ ಸಾಮಾನ್ಯವಾಗಿ ಒಂದು ಸಲಕ್ಕೆ ಹತ್ತುಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ಸಂಸ್ಥೆ ಪ್ರಕಟಿಸಿದ್ದೂ ಅದೇ ಏಪ್ರಿಲ್ ತಿಂಗಳಲ್ಲಿ. ಆದರೆ ಮೊದಲ ಮಾತನ್ನು ಸಾರಿದಷ್ಟು ಗಟ್ಟಿಯಾಗಿ ಈ ತಿದ್ದುಪಡಿಗಳನ್ನು ಯಾರೂ ಸಾರಲಿಲ್ಲ. ಮೊದಲಿನದು ಡಂಗುರ, ತಿದ್ದುಪಡಿ ಪಿಸುಮಾತು. ನಾನು ಆರನೆಯ ವಿಧಿಯ ಮೇಲೆ ಗೀಟು ಎಳೆದಂತೆಯೇ ಅವರೂ ಎಳೆದರು.

ಪಂಡಿತರಾದವರು ಹೀಗೆ ಎಡವಿದ್ದೇಕೆ? ಕೆಟ್ಟ ಗಾಳಿಯಿಂದಲೇ ರೋಗಗಳೆಲ್ಲ ಬರುವುವೆಂದು ಹಿಂದಿನ ಕಾಲದವರು ನಂಬಿದ್ದರು. ಚರಕಸಂಹಿತೆಯಲ್ಲಿಯೂ ಜನಪದವನ್ನು ನಾಶಮಾಡುವ ರೋಗಗಳಿಗೆ ವಾಯು, ಜಲ, ದೇಶ, ಕಾಲಗಳು ಕೆಡುವುದು ಕಾರಣವೆಂದಿದೆ. ಇದರಿಂದ ನಮ್ಮ ಹಿರಿಯರಿಗೆ ವೈರಾಣುವಿನ ವಿಚಾರ ತಿಳಿದಿದ್ದಿತೆಂದು ಹೆಮ್ಮೆಪಡುವುದು ಬೇಡ, ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳು ಪತ್ತೆಯಾದ ಮೇಲೆ ಹೊಸ ವೈದ್ಯರು ಆ ಗಾಳಿಯ ನಂಬಿಕೆಯನ್ನು ಬಲವಾಗಿ ತಳ್ಳಿಹಾಕಿದರು. ಅಮೆರಿಕದ ಚಾರ್ಲ್ಸ್ ಚೇಪಿನ್ ಎಂಬ ಆರೋಗ್ಯಾಧಿಕಾರಿ 1910ರಲ್ಲಿ, ಸ್ಪರ್ಶವೇ ಮುಖ್ಯ, ಗಾಳಿ ಗೌಣವೆಂದು ಗ್ರಂಥ ಬರೆದರು. ಅದು ಮುಂದಿನವರಿಗೆ ಪ್ರಮಾಣವಾಯಿತು. ಐದು ಮೈಕ್ರಾನಿಗಿಂತ, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಐದಕ್ಕಿಂತ, ದೊಡ್ಡದಾದ ಹನಿಗಳು ಬೇಗನೆ ನೆಲಕ್ಕೆ ಬೀಳುವುವೆಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದಿತು. ತೇಲುವ ಕಣದ ನಿಜವಾದ ಮೇರೆ ಸುಮಾರು ನೂರು ಮೈಕ್ರಾನು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದರೇ ಹೊರತು ಮೂಲವನ್ನು ಬಿಚ್ಚಿ ನೋಡಿದವರು ವಿರಳ. ಅಂಧಪರಂಪರಾ ನ್ಯಾಯವೆಂದು ನಾವು ತರಗತಿಯಲ್ಲಿ ಹೇಳಿಕೊಡುತ್ತಿದ್ದುದು ಇದನ್ನೇ.

ಇದು ಹೊಸತೇನೂ ಅಲ್ಲ. ಪ್ಲೇಗು ಮಾರಿ ಬೆಂಗಳೂರಿಗೆ ಬಂದ 1898ರಲ್ಲಿಯೇ, ಅತ್ತ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು ಇಲಿಯ ಮೈಮೇಲಿನ ಚಿಗಟದಿಂದ ಆ ರೋಗ ಹರಡುವುದೆಂದು ಪ್ರಯೋಗಮಾಡಿ ತೋರಿಸಿದರು. ಸರ್ಕಾರ ನೇಮಿಸಿದ್ದ ಪ್ಲೇಗ್ ಆಯೋಗದವರು ಅದನ್ನು ವಿಚಾರಕ್ಕೆ ಯೋಗ್ಯವಲ್ಲವೆಂಬಂತೆ ತಳ್ಳಿಹಾಕಿದರು. 1905ರ ಅನಂತರ ಮುಂಬಯಿಯಲ್ಲಿ ಹೊಸದಾಗಿ ಪ್ರಯೋಗಗಳು ನಡೆದ ಮೇಲೆಯೇ ಅದು ಅಂಗೀಕಾರವಾಯಿತು. ಅಷ್ಟರೊಳಗೆ ಅಧಿಕಾರಿಗಳು ಮನೆಗಳಿಗೂ ಚರಂಡಿಗಳಿಗೂ ಕಾರ್ಬಾಲಿಕ್ ದ್ರಾವಣ ಸುರಿಸಿದರು. ನಮ್ಮ ಅಜ್ಜ ಹೇಳುತ್ತಿದ್ದರು: ಅವರ ಬಾಲ್ಯದಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಸಾಕು, ಹಳ್ಳಿಯವರು ಯಾರ ಅಪ್ಪಣೆಯನ್ನೂ ಕಾಯದೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಹೋಗಿಬಿಡುತ್ತಿದ್ದರಂತೆ. ಚಿಗಟದ ವಿಚಾರ ಅವರಿಗೆ ಗೊತ್ತಿರಲಿಲ್ಲ. ಕಂಡುದನ್ನು ಕಂಡಂತೆ ನೋಡಿದರು, ಅಷ್ಟೆ.

ಮೂರನೆಯ ಬಗೆಯ ಮಾತು ಇನ್ನೂ ಅಪಾಯಕರವಾದುದು. ಅದು ಸಮಾಧಾನದ ಮಾತು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಕ್ಕೆ ಸ್ಪಷ್ಟವಾದ ಆಧಾರ ಸಿಕ್ಕಿಲ್ಲವೆಂದು ಚೀನದ ಅಧಿಕಾರಿಗಳು ಹೇಳಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 14ರಂದು ಲೋಕಕ್ಕೆ ಹೇಳಿತು. ಆಧಾರ ಸಿಕ್ಕಿಲ್ಲವೆಂದರೆ ಹರಡುವುದಿಲ್ಲವೆಂದಲ್ಲ. ಕೇಳಿದವರು ಹಾಗೆಯೇ ತಿಳಿದರು. ಆರು ದಿನ ಕಳೆಯುವುದರೊಳಗೆ, ಹರಡುವುದು ನಿಜವೆಂದು ಚೀನದವರೇ ಒಪ್ಪಿದರು. ನಮ್ಮ ದೇಶದಲ್ಲಿ ಮಾರ್ಚಿ 13ರಂದು, ಇದು ಆರೋಗ್ಯದ ತುರ್ತುಸ್ಥಿತಿಯಲ್ಲವೆಂದು ಕೇಂದ್ರ ಸಚಿವಾಲಯ ಹೇಳಿತು. ಅದರ ಹಿಂದಿನ ದಿನವೇ, ದೇಶದಲ್ಲಿ ಈ ರೋಗದಿಂದಾದ ಮೊದಲ ಮರಣ ನಮ್ಮ ಕಲಬುರಗಿಯಲ್ಲಿ ಸಂಭವಿಸಿದ್ದು ದೃಢಪಟ್ಟಿತ್ತು. ಮಾರ್ಚಿ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮರುವರ್ಷ, 2021ರ ಮಾರ್ಚಿ 7ರಂದು, ಮಹಾಮಾರಿಯ ಆಟ ಕೊನೆಯ ಘಟ್ಟಕ್ಕೆ ಬಂದಿದೆಯೆಂದು ಕೇಂದ್ರದ ಆರೋಗ್ಯ ಸಚಿವರು ಸಾರಿದರು. ಎರಡು ತಿಂಗಳಲ್ಲಿ, ಮೇ ಮೊದಲ ವಾರಕ್ಕೆ, ಒಂದೇ ದಿನದಲ್ಲಿ ನಾಲ್ಕು ಲಕ್ಷಕ್ಕೂ ಮೀರಿ ಹೊಸ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ದೊಡ್ಡವರು ಹೇಳುತ್ತಿದ್ದಾರಲ್ಲೋ ಎಂದು ನನ್ನ ಅಕ್ಕ ಹೇಳಿದ್ದು ಆ ಮಾರ್ಚಿ ತಿಂಗಳಿನ ಮಾತನ್ನೇ.

ಸಮಾಧಾನದ ಮಾತು ಎಂಥ ಬೆಲೆ ತೆಗೆದುಕೊಳ್ಳುವುದೆಂಬುದಕ್ಕೆ ನೂರು ವರ್ಷದ ಹಿಂದಿನ ನಿದರ್ಶನವೂ ಉಂಟು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಲೋಕವನ್ನೆಲ್ಲ ಸುತ್ತುತ್ತಿದ್ದಿತು. ಭಾರತವೊಂದರಲ್ಲಿಯೇ ಕೋಟಿಗೂ ಮೀರಿ ಜನ ಸತ್ತರು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಆರೋಗ್ಯಾಧಿಕಾರಿ ವಿಲ್ಮರ್ ಕ್ರೂಸೆನ್ ಅವರು ಜನರಿಗೆ ಧೈರ್ಯ ಹೇಳುತ್ತ, ಯುದ್ಧದ ಸಾಲಸಂಗ್ರಹದ ಮೆರವಣಿಗೆಯನ್ನು ನಿಲ್ಲಿಸದೆ ಬಿಟ್ಟರು. 28ನೆಯ ತಾರೀಖು ಸುಮಾರು ಎರಡು ಲಕ್ಷ ಜನ ಬೀದಿಯಲ್ಲಿ ಕಿಕ್ಕಿರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದುವು. ಕೆಲವು ವಾರಗಳಲ್ಲಿ ಆ ಒಂದು ನಗರದಲ್ಲಿಯೇ 12,000ಕ್ಕೂ ಹೆಚ್ಚು ಮಂದಿ ಅಳಿದರು.

ಇಲ್ಲಿ ಕೆಲವರು ಆಕ್ಷೇಪಿಸಬಹುದು. "ಇದ್ದುದನ್ನೆಲ್ಲ ಇದ್ದಂತೆ ಹೇಳಿದರೆ ಜನ ಹೆದರಿ ದಿಕ್ಕಾಪಾಲಾಗುವುದಿಲ್ಲವೆ? ಗೊತ್ತಿಲ್ಲವೆಂದು ವೈದ್ಯನೇ ಹೇಳಿದರೆ ಔಷಧ ಯಾರು ಕುಡಿಯುತ್ತಾರೆ?" ಆಕ್ಷೇಪ ಹಗುರವಾದುದಲ್ಲ. ಆದರೆ ಇದಕ್ಕೆ ಒಂದು ಪ್ರತ್ಯುದಾಹರಣೆಯುಂಟು. ಆಸ್ಟ್ರಜೆನೆಕಾ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯಾಗುವುದೆಂದು ತಿಳಿದಾಗ, ಡೆನ್ಮಾರ್ಕ್ ದೇಶದ ಆರೋಗ್ಯಾಧಿಕಾರಿಗಳು 2021ರ ಏಪ್ರಿಲ್ 14ರಂದು ಎಲ್ಲರೆದುರಿಗೂ ಅದನ್ನು ಹೇಳಿ, ಆ ಲಸಿಕೆಯನ್ನು ಕೈಬಿಟ್ಟರು. ನಮ್ಮಲ್ಲಿ ರೋಗ ಹತೋಟಿಯಲ್ಲಿದೆ, ಬೇರೆ ಲಸಿಕೆಗಳಿವೆ, ಆದುದರಿಂದ ಹೀಗೆ ಮಾಡುತ್ತಿದ್ದೇವೆ. ಸ್ಥಿತಿ ಬೇರೆಯಾಗಿದ್ದರೆ ಇದನ್ನೇ ಬಳಸುತ್ತಿದ್ದೆವು ಎಂದು ಕಾರಣವನ್ನೂ ತಿಳಿಸಿದರು. ಜನ ಹೆದರಿ ಓಡಲಿಲ್ಲ. ಆ ವರ್ಷದ ಕೊನೆಯೊಳಗೆ ಅಲ್ಲಿಯ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಬೇರೆ ಲಸಿಕೆಗಳನ್ನು ಹಾಕಿಸಿಕೊಂಡಿದ್ದರು. ಅದೇ ಲಸಿಕೆಯನ್ನು ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಕೋಟ್ಯಂತರ ಜನರಿಗೆ ಹಾಕಿದರು. ರೋಗ ಉಲ್ಬಣವಾಗಿದ್ದ ನಮ್ಮ ಸ್ಥಿತಿಯಲ್ಲಿ ಅಪಾಯಕ್ಕಿಂತ ಉಪಕಾರ ಬಹುಪಾಲು ಹೆಚ್ಚು. ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಗೃಹಸ್ಥನು ಅರ್ಥಮಾಡಿಕೊಳ್ಳಬಲ್ಲನು.

ತರಗತಿಯಲ್ಲಿ ನನಗಾದ ಅನುಭವವೂ ಇದೇ. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಉತ್ತರ ತಿಳಿಯದ ಪ್ರಶ್ನೆಗೆ ಏನಾದರೊಂದನ್ನು ಹೇಳಿ ಗೌರವ ಉಳಿಸಿಕೊಳ್ಳಲು ನೋಡುತ್ತಿದ್ದೆ. ಒಂದು ಸಲ ಒಬ್ಬ ಹುಡುಗ ಮರುದಿನ ನಿಘಂಟನ್ನೇ ತಂದು ತೋರಿಸಿದ. ಆ ಮೇಲೆ ಆ ತರಗತಿ ನಾನು ಸರಿಯಾಗಿ ಹೇಳಿದ್ದನ್ನೂ ಸಂಶಯದಿಂದಲೇ ಕೇಳಿತು. "ನನಗೆ ತಿಳಿಯದು, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎನ್ನಲು ಕಲಿತ ಮೇಲೆ ಯಾವ ಹುಡುಗನೂ ನನ್ನನ್ನು ಹಗುರವಾಗಿ ಕಂಡದ್ದಿಲ್ಲ.

ನಾನು ಹೇಳಿದ್ದನ್ನು ತಪ್ಪು ತಿಳಿಯಬಾರದು. ಅಜ್ಞಾನವನ್ನು ನಾನು ದೂರುತ್ತಿಲ್ಲ. ಹೊಸ ರೋಗ, ತಿಳಿವಳಿಕೆ ದಿನದಿನಕ್ಕೆ ಬದಲಾಗುವುದು ಸಹಜ, ಬದಲಾಗಲೇಬೇಕು. ಆಸ್ಪತ್ರೆಗಳಲ್ಲಿ ದುಡಿದು ಪ್ರಾಣ ಕೊಟ್ಟ ವೈದ್ಯರಿಗೂ ದಾದಿಯರಿಗೂ ನಾವು ಋಣಿಗಳು. ತಿಳಿದವರು ತಪ್ಪಿದರೆಂದು ತಿಳಿಯದವರ ಮಾತನ್ನು ಹಿಡಿಯುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಆ ಕಾಲದಲ್ಲಿಯೇ ಕಷಾಯ, ಭಸ್ಮ, ಯಂತ್ರಗಳನ್ನು ಮಾರಿ ಹಣ ಮಾಡಿಕೊಂಡವರು ಕಡಿಮೆಯಿರಲಿಲ್ಲ. ಅವರಲ್ಲಿ ಆಪ್ತನ ಒಂದು ಲಕ್ಷಣವೂ ಇರಲಿಲ್ಲ. ನನ್ನ ದೂರು ಇಷ್ಟೇ: ಸಂಶಯವಿದ್ದೆಡೆಯಲ್ಲಿ ನಿಶ್ಚಯವನ್ನು ನಟಿಸಿದರು, ಬೇರೆ ಕಾರಣವಿದ್ದಾಗ ಅದನ್ನು ಮರೆಮಾಡಿದರು, ಮಾತು ಬದಲಾದಾಗ, ಬದಲಾಯಿತು ಎಂದು ಹೇಳಲಿಲ್ಲ.

ಗೃಹಸ್ಥರ ಪಾಲಿನದೂ ಉಂಟು. ನಿಶ್ಚಯವಾದ ಮಾತನ್ನೇ ಹೇಳೆಂದು ನಾವು ಪೀಡಿಸುತ್ತೇವೆ. ಗೊತ್ತಿಲ್ಲವೆನ್ನುವ ವೈದ್ಯನನ್ನು ಬಿಟ್ಟು, ಎಲ್ಲ ಗೊತ್ತೆನ್ನುವವನ ಬಾಗಿಲಿಗೆ ಹೋಗುತ್ತೇವೆ. ಕೈಯಲ್ಲಿನ ಫೋನಿಗೆ ಬಂದ ವಾರ್ತೆಯನ್ನು ಓದಿ ಮುಗಿಸುವುದಕ್ಕೆ ಮೊದಲೇ ಹತ್ತು ಮಂದಿಗೆ ಕಳುಹುತ್ತೇವೆ. ಮುಂದೆ ಇಂಥ ಕಾಲ ಬಂದಾಗ, ಬಾರದಿರಲಿ, ಗೋಡೆಗೆ ಪಟ್ಟಿ ಅಂಟಿಸುವ ಮೊದಲು ಪ್ರತಿಯೊಂದು ಮಾತಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದನ್ನು ಹೇಳಿದವರು ಯಾರು, ಅವರು ನೋಡಿದ್ದೇನು? ಇದು ಎಷ್ಟು ಗಟ್ಟಿಯಾದ ಮಾತು? ಇದನ್ನು ಹೇಳುವುದಕ್ಕೆ ರೋಗವಲ್ಲ, ಬೇರೆ ಕಾರಣವೇನಾದರೂ ಉಂಟೆ? ಹೇಳಿದ ತಾರೀಖು ಯಾವುದು, ಅನಂತರ ಬದಲಾಯಿತೆ? ಉತ್ತರ ಸಿಕ್ಕದಿದ್ದರೆ ಮಾತನ್ನು ತಳ್ಳಿಹಾಕಬೇಕಾಗಿಲ್ಲ. "ಸದ್ಯಕ್ಕೆ" ಎಂಬ ಒಂದು ಶಬ್ದವನ್ನು ಅದರ ಮುಂದೆ ಸೇರಿಸಿದರೆ ಸಾಕು. ನನ್ನ ಪಟ್ಟಿಯಲ್ಲಿ ಆ ಶಬ್ದ ಒಂದೆಡೆಯಲ್ಲಿಯೂ ಇರಲಿಲ್ಲ.

ಮೊಮ್ಮಗಳಿಗೆ ಎರಡು ದಿನ ಬಿಟ್ಟು ಉತ್ತರ ಹೇಳಿದೆ: "ಅವರಿಗೆ ಅರ್ಧ ಗೊತ್ತಿತ್ತಮ್ಮ. ಪೂರ್ತಿ ಗೊತ್ತಿದ್ದಂತೆ ಹೇಳಿದರು. ನಾನೂ ಹಾಗೆಯೇ ಬರೆದೆ." ಹಾಳೆಯನ್ನು ಹರಿದುಹಾಕಲು ಮನೆಯಾಕೆ ಹೇಳಿದಳು, ನಾನು ಹರಿಯಲಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಯೊಂದು ವಿಧಿಯ ಮುಂದೆಯೂ ಅದು ಯಾವಾಗ ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಕೆಂಪು ಶಾಯಿಯಲ್ಲಿ ತಾರೀಖಿನೊಡನೆ ಬರೆಸಿದೆ. ಕೈ ತೊಳೆಯುವ ವಿಧಿಯ ಮುಂದೆ ಮಾತ್ರ, ಇದು ಎಂದಿಗೂ ಒಳ್ಳೆಯದೆಂದು ಬರೆದಳು. ಕೊನೆಯಲ್ಲಿ ಒಂಬತ್ತನೆಯದಾಗಿ, ಬಹು ಮಂದಿ ಸೇರಿದಾಗ ಕಿಟಕಿಗಳನ್ನು ತೆರೆದಿಡತಕ್ಕದ್ದು ಎಂದು ಸೇರಿಸಿದೆವು.

ಈ ವರ್ಷದ ಶ್ರಾದ್ಧದಂದು ಕಿಟಕಿಗಳೆಲ್ಲ ತೆರೆದಿದ್ದುವು. ಗಾಳಿಗೆ ಹೋಮದ ಬೆಂಕಿ ನಿಲ್ಲುವುದಿಲ್ಲವೆಂದು ಪುರೋಹಿತರು ಗೊಣಗಿದರು. ಅಗ್ನಿಕುಂಡಕ್ಕೆ ಒಂದು ಹಲಗೆಯನ್ನು ಮರೆಯಾಗಿಟ್ಟು ಕೊಟ್ಟೆ. ಅಕ್ಕ ಕುಳಿತುಕೊಳ್ಳುತ್ತಿದ್ದ ಮಣೆ ಆ ಕಿಟಕಿಯ ಕೆಳಗೇ ಇದೆ.